ಡಾರ್ವಿನ್ನನ ಪಾಠ ಯಾರ ಸೊತ್ತು?

2023ರಲ್ಲಿ ದೆಹಲಿಯ ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠವನ್ನು ಕಿತ್ತುಹಾಕಿತು. ಮಕ್ಕಳ ಹೊರೆ ಇಳಿಸಿದೆವೆಂಬುದು ಅದರ ಸಮಜಾಯಿಷಿ. 1,800ಕ್ಕೂ ಹೆಚ್ಚು ಮಂದಿ ವಿಜ್ಞಾನಿಗಳೂ ಉಪಾಧ್ಯಾಯರೂ ಸಹಿ ಹಾಕಿ ಪ್ರತಿಭಟಿಸಿದರು. ಹನ್ನೆರಡನೆಯ ತರಗತಿಯಲ್ಲಿ ಆ ಪಾಠ ಇದ್ದೇ ಇದೆಯಲ್ಲ ಎಂಬ ಉತ್ತರ ಬಂದಿತು. ಅಲ್ಲಿಯವರೆಗೆ ಓದಿ, ಅದರಲ್ಲಿಯೂ ಜೀವಶಾಸ್ತ್ರವನ್ನೇ ಆರಿಸಿಕೊಳ್ಳುವವರು ಯಾರ ಮಕ್ಕಳು? ಹತ್ತು ಮುಗಿಸಿ ಮಿಲ್ಲಿನ ಗೇಟಿಗೋ ಅಪ್ಪನ ಅಂಗಡಿಗೋ ಬರುವ ಹುಡುಗನಿಗೆ ಉಳಿದದ್ದೇನು?

ದುಡಿಯುವವನಿಗೆ ಡಾರ್ವಿನ್ನನ ಗೊಡವೆ ಏಕೆಂದು ಕೇಳುವವರಿದ್ದಾರೆ. ಈ ಶಾಸ್ತ್ರ ಹುಟ್ಟಿದ ಬಗೆಯನ್ನು ಅವರು ತಿಳಿಯಬೇಕು.

ಡಾರ್ವಿನ್ನನು ಉಳ್ಳವರ ಮನೆಯವನು, ನಿಜ. ಆದರೆ ತನ್ನ ಪ್ರಶ್ನೆಗೆ ಉತ್ತರ ಹುಡುಕುತ್ತ ಅವನು ಪಾರಿವಾಳ ಸಾಕುವವರ ಬಳಿಗೆ ಹೋದನು. ಅವರ ಎರಡು ಸಂಘಗಳಿಗೆ ಸದಸ್ಯನಾದನು. ಲಂಡನ್ನಿನ ಹೆಂಡದಂಗಡಿಯಲ್ಲಿ ಅವರೊಡನೆ ಕುಳಿತು ಮಾತು ಕೇಳಿದನು. ಒಂದೇ ಜಾತಿಯ ಕಾಡುಪಾರಿವಾಳದಿಂದ ಇಷ್ಟೊಂದು ಬಗೆಯ ಹಕ್ಕಿಗಳನ್ನು ತೆಗೆದವರು ಅವರು. ನಮ್ಮವರಿಗೂ ಇದು ಹೊಸದಲ್ಲ. ಒಳ್ಳೆಯ ಮರದ ಕಾಯನ್ನೇ ಬಿತ್ತನೆಗೆ ಇಡಬೇಕೆಂಬುದು ಅರಸೀಕೆರೆಯ ತೆಂಗಿನ ರೈತನಿಗೆ ಗೊತ್ತು. ತಲೆಮಾರುಗಳ ಕಾಲ ಹೋರಿಯನ್ನು ಆರಿಸಿ ಆರಿಸಿ ಅಮೃತಮಹಲ್ ತಳಿಯನ್ನು ಬೆಳೆಸಿದವರು ಈ ನಾಡಿನ ದನಗಾಹಿಗಳೇ. ಮನುಷ್ಯನು ಕೆಲವು ತಲೆಮಾರುಗಳಲ್ಲಿ ಆರಿಸಿ ಮಾಡಿದ್ದನ್ನು, ನಿಸರ್ಗವು ಲಕ್ಷಾಂತರ ವರ್ಷಗಳಲ್ಲಿ ಯಾರ ಕೈಯೂ ಇಲ್ಲದೆ ಮಾಡಿತು ಎಂಬುದೇ ಡಾರ್ವಿನ್ನನ ಮಾತಿನ ತಿರುಳು.

ಆ ಪುಸ್ತಕದಲ್ಲಿ ನಮ್ಮ ದೇಶದ ಪಾಲೂ ಇದೆ. 1824ರಲ್ಲಿ ಕಿತ್ತೂರಿನವರು ಥ್ಯಾಕರೆಯನ್ನು ಕೊಂದ ಕಾಳಗದಲ್ಲಿ ಸೆರೆಸಿಕ್ಕಿದ್ದ ಕಂಪನಿಯ ತರುಣ ಅಧಿಕಾರಿ ವಾಲ್ಟರ್ ಎಲಿಯಟ್. ಬದುಕಿ ಉಳಿದ ಈತನು ಮುಂದೆ ಕನ್ನಡ ಶಾಸನಗಳನ್ನು ಕೂಡಿಹಾಕಿದನು. ಧಾರವಾಡದ ಕಡೆಯ ಪ್ರಾಣಿಗಳ ಪಟ್ಟಿ ಬರೆದನು. 1856ರಲ್ಲಿ ಡಾರ್ವಿನ್ನನು ಈತನಿಗೆ ಕಾಗದ ಬರೆದು ಸಾಕುಹಕ್ಕಿಗಳ ಚರ್ಮಗಳನ್ನು ಕೇಳಿದನು. ಎಲಿಯಟ್ ಕಳಿಸಿದನು; ಡಾರ್ವಿನ್ನನು ತನ್ನ ಗ್ರಂಥದಲ್ಲಿ ಆತನ ಹೆಸರು ಹೇಳಿ ಉಪಕಾರ ಸ್ಮರಿಸಿದನು. ಆ ಹಕ್ಕಿಗಳನ್ನು ಸಾಕಿದ ನಮ್ಮ ಜನರ ಹೆಸರು ಎಲ್ಲಿಯೂ ಇಲ್ಲ.

ಇದೇ ತತ್ವವನ್ನು ಸ್ವತಂತ್ರವಾಗಿ ಕಂಡುಕೊಂಡ ಇನ್ನೊಬ್ಬನು ಆಲ್ಫ್ರೆಡ್ ರಸೆಲ್ ವಾಲೇಸ್. ಬಡತನದಿಂದಾಗಿ ಹದಿನಾಲ್ಕರ ಆಸುಪಾಸಿನಲ್ಲಿಯೇ ಶಾಲೆ ಬಿಟ್ಟವನು. ಅಣ್ಣನ ಕೈಕೆಳಗೆ ಭೂಮಾಪನದ ಕೆಲಸ ಕಲಿತವನು. ದುಡಿಯುವವರ ಸಭಾಗೃಹಗಳಲ್ಲಿ ಭಾಷಣ ಕೇಳಿ, ಕೀಟ ಹಕ್ಕಿಗಳನ್ನು ಹಿಡಿದು ಮಾರಿ ಹೊಟ್ಟೆ ಹೊರೆದವನು. 1858ರಲ್ಲಿ ಮಲಯ ದ್ವೀಪಗಳಿಂದ ಅವನು ಕಳಿಸಿದ ಲೇಖನವೇ ಡಾರ್ವಿನ್ನನನ್ನು ಎಚ್ಚರಿಸಿತು. ಅದೇ ವರ್ಷ ಜುಲೈ 1ರಂದು ಲಂಡನ್ನಿನ ಲಿನಿಯನ್ ಸಂಘದಲ್ಲಿ ಇಬ್ಬರ ಬರಹಗಳನ್ನೂ ಓದಲಾಯಿತು. ವಾಲೇಸನು ಮುಂದೆ ತಾನು ಸಮಾಜವಾದಿಯೆಂದು ಬಹಿರಂಗವಾಗಿ ಸಾರಿದನು.

ಡಾರ್ವಿನ್ನನ ಗ್ರಂಥ 1859ರ ನವೆಂಬರಿನಲ್ಲಿ ಹೊರಬಿತ್ತು. ಬೆಲೆ 15 ಶಿಲಿಂಗು. ಕೂಲಿಯವನ ಕೈಗೆ ಎಟುಕುವಂಥದಲ್ಲ. ಮರುವರ್ಷ ಆಕ್ಸ್‌ಫರ್ಡಿನಲ್ಲಿ ಬಿಷಪ್ ವಿಲ್ಬರ್‌ಫೋರ್ಸನು ಅದನ್ನು ಹಳಿದನು. ಹಕ್ಸ್‌ಲಿಯೂ ಹೂಕರನೂ ಎದುರುತ್ತರ ಕೊಟ್ಟರು. ಹಕ್ಸ್‌ಲಿ ಅಷ್ಟಕ್ಕೇ ನಿಲ್ಲಲಿಲ್ಲ. 1862ರಲ್ಲಿ ಲಂಡನ್ನಿನ ಕಾರ್ಮಿಕರಿಗಾಗಿಯೇ ಆರು ಉಪನ್ಯಾಸ ಕೊಟ್ಟನು. ಅವು ಅಗ್ಗದ ಪುಸ್ತಿಕೆಗಳಾಗಿ ಅಚ್ಚಾದುವು. ಅಂದು ಕೂಲಿಗಾರನಿಗೆ ಸಂಜೆಯ ಹೊತ್ತು ಕರೆದು ಹೇಳಿದ್ದನ್ನು ಇಂದು ಅವನ ಮಗುವಿಗೆ ಹೇಳಲು ಹಿಂಜರಿಯುವುದು ಯಾವ ನ್ಯಾಯ?

ಈ ಶಾಸ್ತ್ರವನ್ನು ತಿರುಚಿದವರೂ ಇದ್ದಾರೆ. ತಕ್ಕವನೇ ಉಳಿಯುವನೆಂಬ ಮಾತು 1864ರಲ್ಲಿ ಹರ್ಬರ್ಟ್ ಸ್ಪೆನ್ಸರನು ಹೂಡಿದ್ದು. ಬಡವ ಬಡವನಾಗಿರುವುದು ಸೃಷ್ಟಿನಿಯಮವೆಂದು ಹೇಳಲು ಧನಿಕರಿಗೆ ಅದೊಂದು ಮಂತ್ರವಾಯಿತು. ಇಲ್ಲಿ ತಕ್ಕದ್ದೆಂದರೆ ಪರಿಸರಕ್ಕೆ ಹೊಂದುವಂಥದು, ಗಲ್ಲಾಪೆಟ್ಟಿಗೆ ತುಂಬಿದವನೆಂದಲ್ಲ. ಪರಸ್ಪರ ನೆರವಿನಿಂದ ಬಾಳುವ ಜೀವಿಗಳೂ ಉಳಿಯುತ್ತವೆಂದು ಕ್ರೊಪಾಟ್ಕಿನ್ 1902ರ ತನ್ನ ಗ್ರಂಥದಲ್ಲಿ ತೋರಿಸಿದನು. ಸಂಘ ಕಟ್ಟಿದ ಕಾರ್ಮಿಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತ್ಸ್ಯ, ಕೂರ್ಮ, ವರಾಹವೆಂದು ನಮ್ಮ ಹಿರಿಯರು ಇದನ್ನು ಮೊದಲೇ ಹೇಳಿದ್ದರೆಂಬುದು ಮತ್ತೊಂದು ವಾದ. ಬೇಲೂರು ಹಳೇಬೀಡುಗಳ ಗೋಡೆಯ ವರಾಹ ನರಸಿಂಹರಿಗೆ ನಾವೂ ಕೈಮುಗಿಯುತ್ತೇವೆ. ಅದನ್ನು ಕಡೆದ ಕೈಗಳಿಗಂತೂ ಎರಡು ಬಾರಿ. ಆದರೆ ಅವತಾರದ ಕಥೆ ಭಕ್ತಿಯದು, ಜೀವವಿಕಾಸ ಸಾಕ್ಷ್ಯದ್ದು. ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಿದರೆ ಎರಡಕ್ಕೂ ಅಪಚಾರ. 2018ರಲ್ಲಿ ಕೇಂದ್ರದ ಮಂತ್ರಿ ಸತ್ಯಪಾಲ್ ಸಿಂಗರು ಡಾರ್ವಿನ್ನನ ಸಿದ್ಧಾಂತವೇ ತಪ್ಪೆಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅಲ್ಲಗಳೆದುವು. ಐದೇ ವರ್ಷಗಳಲ್ಲಿ ಪಾಠಕ್ಕೆ ಕತ್ತರಿ ಬಿತ್ತು.

ಎಲ್ಲ ಮನುಷ್ಯರ ಮೂಲವೂ ಒಂದೇ ಎಂಬುದನ್ನು ಈ ಪಾಠ ಕಲಿಸುತ್ತದೆ. ಹುಟ್ಟಿನಿಂದ ಮೇಲು ಕೀಳೆನ್ನುವವರಿಗೆ ಅದು ಕಹಿಯಾದರೆ ಆಶ್ಚರ್ಯವಿಲ್ಲ. ಪಾಠವನ್ನು ಹತ್ತನೆಯ ತರಗತಿಗೆ ಮರಳಿಸಬೇಕು ಎಂಬುದು ನಮ್ಮ ಒತ್ತಾಯ. ಅದಕ್ಕಾಗಿ ಕಾಯುತ್ತ ಕೂರುವುದೂ ಬೇಡ. ಹುಲಿಕೆರೆಯಿಂದ ಅರಸೀಕೆರೆಯವರೆಗೆ ಸಂಘದ ಕಚೇರಿ ಇರುವಲ್ಲೆಲ್ಲ ವಾರಕ್ಕೊಂದು ಸಂಜೆ ಮಕ್ಕಳನ್ನು ಕೂಡಿಸಿರಿ; ಬಲ್ಲ ಉಪಾಧ್ಯಾಯರನ್ನು ಕರೆಯಿರಿ; ವರ್ತಕ ಬಾಂಧವರು ದೀಪಕ್ಕೂ ಪುಸ್ತಕಕ್ಕೂ ಕೈನೀಡಲಿ. ದುಡಿಯುವವರ ಅನುಭವದಿಂದ ಬೆಳೆದ ವಿದ್ಯೆ ದುಡಿಯುವವರ ಮನೆಗೆ ತಲುಪಬೇಕು.