ವಾರಂಟಿಯೆಂಬ ಮೂಗುದಾರ

ಮೋಟಾರು ಕಾರು ಶ್ರೀಮಂತರ ಶೋಕಿ, ಅದರ ಮಾತು ದುಡಿಯುವವರ ಪತ್ರಿಕೆಗೇಕೆ ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇವೆ. ಆ ಕಾಲ ಹೋಯಿತು. ಇಂದು ಗಿರಣಿಯ ಕೆಲಸಗಾರನು ನಿವೃತ್ತಿಯ ಹಣದಿಂದ ಕಾರೊಂದನ್ನು ಕೊಂಡು ತಾನೇ ಬಾಡಿಗೆಗೆ ಓಡಿಸುತ್ತಾನೆ. ಕಿರಾಣಿ ಅಂಗಡಿಯವನು ಸಾಲ ಮಾಡಿ ಸರಕಿನ ವ್ಯಾನು ತರುತ್ತಾನೆ. ಸಂತೆಯಿಂದ ಸಂತೆಗೆ ಬಟ್ಟೆ ಒಯ್ಯುವವನಿಗಂತೂ ಗಾಡಿಯೇ ಅಂಗಡಿ. ಶ್ರೀಮಂತನ ಕಾರು ಕೆಟ್ಟರೆ ಬಾಗಿಲಿಗೆ ಇನ್ನೊಂದು ಕಾರು ಬರುತ್ತದೆ. ಇವರ ಗಾಡಿ ಕೆಟ್ಟರೆ ಬರುವುದು ಸಾಲದ ಕಂತಿನ ನೋಟೀಸು. ಆದುದರಿಂದ ಗಾಡಿ ಕೊಳ್ಳುವ ಪ್ರಶ್ನೆ ಹೊಟ್ಟೆಯ ಪ್ರಶ್ನೆಯೇ ಸರಿ.

ಇಂಥವನು ಷೋರೂಮಿಗೆ ಕಾಲಿಟ್ಟೊಡನೆ ನಡೆಯುವ ಉಪಚಾರವೇನು! ಕುರ್ಚಿ, ಕಾಫಿ, ಹೂವಿನ ಹಾರ, ಕೊನೆಗೆ ಕೈಗೊಂದು ಹೊಳೆಯುವ ಪುಸ್ತಕ. "ಮೂರು ವರ್ಷ ವಾರಂಟಿ ಇದೆ, ಚಿಂತೆ ಬೇಡ" ಎಂಬ ಅಭಯ. ಕೊಳ್ಳುವವನು ಅದನ್ನು ಕಂಪನಿಯ ಕೃಪೆಯೆಂದು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತಾನೆ. ಕೃಪೆ ಎಲ್ಲಿಯದು? ಅದರ ಬೆಲೆಯನ್ನು ಅವನು ಗಾಡಿಯ ಬೆಲೆಯಲ್ಲೇ ತೆತ್ತಿದ್ದಾನೆ. ಹೀಗೆ ತೆತ್ತು ತಂದ ರಕ್ಷಣೆಯೇ ಅವನನ್ನು ಕಂಪನಿಯ ಗೂಟಕ್ಕೆ ಕಟ್ಟುವ ಮೂಗುದಾರವಾಗಿದೆ ಎಂಬುದು ನಮ್ಮ ಆಪಾದನೆ.

ಬೆಲೆ ಯಾವುದು?

ಮೊದಲು ಲೆಕ್ಕ ನೋಡೋಣ. ಕಾರಿನ ಬೆಲೆ 6 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಕೈಯಿಂದ 1 ಲಕ್ಷ, ಸಾಲ 5 ಲಕ್ಷ, ಬಡ್ಡಿ ವರ್ಷಕ್ಕೆ ನೂರಕ್ಕೆ 10. ಸಾಲ 5 ವರ್ಷದ್ದಾದರೆ ತಿಂಗಳ ಕಂತು ಸುಮಾರು 10,624 ರೂ.; ಒಟ್ಟು ಬಡ್ಡಿ 1,37,000 ರೂ. ದಾಟುತ್ತದೆ. "ಕಂತು ಹಗುರ ಮಾಡಿಕೊಡುತ್ತೇವೆ" ಎಂದು ಮಾರಾಟಗಾರನು ಅದನ್ನೇ 7 ವರ್ಷಕ್ಕೆ ಎಳೆದರೆ ಕಂತು ಸುಮಾರು 8,301 ರೂ.ಗೆ ಇಳಿಯುತ್ತದೆ, ಬಡ್ಡಿ 1,97,000 ರೂ. ದಾಟುತ್ತದೆ. ಹಗುರವಾದದ್ದು ಕಂತು, ಭಾರವಾದದ್ದು ಕೊಳ್ಳುವವನ ಬೆನ್ನು.

ಇನ್ನು ಎಣ್ಣೆ. ತಿಂಗಳಿಗೆ 1,000 ಕಿ.ಮೀ. ಓಡಿದರೆ ಹತ್ತು ವರ್ಷಕ್ಕೆ 1,20,000 ಕಿ.ಮೀ. ಲೆಕ್ಕಕ್ಕೆ ಸುಲಭವಾಗಲೆಂದು ಪೆಟ್ರೋಲು ಲೀಟರಿಗೆ 100 ರೂ. ಎಂದು ಹಿಡಿಯೋಣ. ಲೀಟರಿಗೆ 20 ಕಿ.ಮೀ. ಕೊಡುವ ಗಾಡಿ 6 ಲಕ್ಷದ ಎಣ್ಣೆ ಕುಡಿಯುತ್ತದೆ, 15 ಕಿ.ಮೀ. ಕೊಡುವುದು 8 ಲಕ್ಷದ್ದು. ಕೊಳ್ಳುವಾಗ 50,000 ರೂ. ಉಳಿಯಿತೆಂದು ಹಿಗ್ಗಿ ಎರಡನೆಯದನ್ನು ತಂದವನು 2 ಲಕ್ಷ ಹೆಚ್ಚು ತೆರುತ್ತಾನೆ. ಕೇಂದ್ರ ಸರ್ಕಾರವು 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸಿದಾಗ ಊರೆಲ್ಲ ಕೊಳ್ಳುವ ದಿನದ ಬೆಲೆಯನ್ನೇ ಎಣಿಸಿತು. ಗಾಡಿಗೆ ಬೆಲೆ ತೆರುವುದು ಒಂದು ದಿನದ ಕೆಲಸವೆ?

ಬಡ್ಡಿಯನ್ನು ಎಣಿಸಬಹುದು, ಎಣ್ಣೆಯನ್ನು ಎಣಿಸಬಹುದು. ಎಣಿಸಲಾಗದಂತೆ ಕತ್ತಲಲ್ಲಿಟ್ಟಿರುವುದು ರಿಪೇರಿಯ ಖರ್ಚನ್ನು. ಈ ಕತ್ತಲು ತಾನಾಗಿ ಕವಿದದ್ದಲ್ಲ.

ಸಣ್ಣ ಅಕ್ಷರದ ದೊಡ್ಡ ಮಾತು

ವಾರಂಟಿ ಪುಸ್ತಕವನ್ನು ತೆರೆಯಿರಿ. "3 ವರ್ಷ ಅಥವಾ 1,00,000 ಕಿ.ಮೀ., ಯಾವುದು ಮೊದಲೋ ಅದು" ಎಂಬ ಬಗೆಯ ಮಾತು ಇರುತ್ತದೆ. ದಿನಕ್ಕೆ 200 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡಿಸುವವನಿಗೆ ಈ ಮೂರು ವರ್ಷವು ಇಪ್ಪತ್ತೇ ತಿಂಗಳಲ್ಲಿ ಮುಗಿದುಹೋಗುತ್ತದೆ! ಭಾನುವಾರ ಮಾತ್ರ ಕಾರು ತೆಗೆಯುವವನಿಗೆ ಪೂರ್ತಿ ರಕ್ಷಣೆ. ನಿತ್ಯ ದುಡಿಸುವವನಿಗೆ ಅರ್ಧ.

ಮುಂದೆ ಓದಿ. ಕ್ಲಚ್ ಪ್ಲೇಟು, ಬ್ರೇಕಿನ ಪ್ಯಾಡು, ಬೆಲ್ಟು, ರಬ್ಬರು, ಬಲ್ಬು ಮೊದಲಾದ ಸವೆಯುವ ಭಾಗಗಳು ಸಾಮಾನ್ಯವಾಗಿ ವಾರಂಟಿಯ ಹೊರಗೆ. ಟೈರು, ಬ್ಯಾಟರಿಗಳಿಗೆ ಅವುಗಳ ತಯಾರಕರನ್ನೇ ಕೇಳಬೇಕು. ಗಾಡಿ ವರ್ಕ್‌ಷಾಪಿನಲ್ಲಿ ಹದಿನೈದು ದಿನ ನಿಂತರೆ ಆ ಹದಿನೈದು ದಿನದ ದುಡಿಮೆ ಹೋದದ್ದಕ್ಕೆ ಕಂಪನಿ ಹೊಣೆಯಲ್ಲ. ಎಲ್ಲಕ್ಕೂ ಮಿಗಿಲಾದ ಷರತ್ತು ಮತ್ತೊಂದು: ನಮ್ಮ ವರ್ಕ್‌ಷಾಪನ್ನು ಬಿಟ್ಟು ಬೇರೆಲ್ಲಿ ಕೈ ಹಾಕಿಸಿದರೂ ವಾರಂಟಿ ಇಲ್ಲ. ಇದೇ ಮೂಗುದಾರ. ಹಗ್ಗದ ತುದಿ ಕಂಪನಿಯ ಕೈಯಲ್ಲಿರುವಾಗ ಬಿಡಿಭಾಗದ ಬೆಲೆ, ಕೂಲಿಯ ದರ, ಕಾಯುವ ದಿನ ಎಲ್ಲವೂ ಅವರು ಹೇಳಿದ್ದೇ.

ಹದಿನಾಲ್ಕು ಕಂಪನಿಗಳು

ಇದು ನಮ್ಮ ಪಕ್ಷದ ಕಲ್ಪನೆಯೆಂದು ಯಾರಾದರೂ ಮೂಗು ಮುರಿದರೆ ಸರ್ಕಾರದ ದಾಖಲೆಯನ್ನೇ ಮುಂದಿಡುತ್ತೇವೆ. ಮೂರು ಕಾರು ಕಂಪನಿಗಳ ವಿರುದ್ಧ ಒಬ್ಬ ವ್ಯಕ್ತಿ 2011ರಲ್ಲಿ ಭಾರತದ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟ. ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಾರೆ ಎಂಬುದೇ ಆ ದೂರು. ತನಿಖೆ ಮೂವರಲ್ಲಿ ನಿಲ್ಲಲಿಲ್ಲ. 2014ರ ಆಗಸ್ಟ್ 25ರಂದು ಆಯೋಗವು 14 ಕಂಪನಿಗಳನ್ನು ತಪ್ಪಿತಸ್ಥರೆಂದು ಸಾರಿ, ಒಟ್ಟು 2,544 ಕೋಟಿ ರೂ.ಗೂ ಮಿಕ್ಕ ದಂಡ ಹಾಕಿತು. ಟಾಟಾ, ಮಾರುತಿ, ಮಹೀಂದ್ರ, ಹೋಂಡಾ, ನಮ್ಮ ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೋಟಾ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಬಿಡಿಭಾಗಗಳು ಬಯಲು ಮಾರುಕಟ್ಟೆಗೆ ಬರಲಿ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಕಳೆಯಬೇಡಿ. ಆ ರಿಪೇರಿಯ ದೋಷದಿಂದಲೇ ಹಾನಿಯಾಗಿದ್ದರೆ ಮಾತ್ರ ನಿರಾಕರಿಸಿ ಎಂದು ಆಯೋಗ ಹೇಳಿತು.

ಮುಂದೆ ಆದದ್ದೇನು? ಕೆಲವರು ಮೇಲ್ಮನವಿ ನ್ಯಾಯಮಂಡಳಿಗೆ, ಹಲವರು ಉಚ್ಚ ನ್ಯಾಯಾಲಯಕ್ಕೆ ಓಡಿದರು. 2016ರ ಡಿಸೆಂಬರಿನಲ್ಲಿ ನ್ಯಾಯಮಂಡಳಿಯು ಮೇಲ್ಮನವಿ ಹೋದವರ ತಪ್ಪನ್ನು ಎತ್ತಿಹಿಡಿದು ದಂಡವನ್ನು ಇಳಿಸಿತು. ವ್ಯಾಜ್ಯದಲ್ಲಿ ವರ್ಷಗಳು ಉರುಳಿದವು; ಪುಸ್ತಕದ ಸಣ್ಣ ಅಕ್ಷರಕ್ಕೆ ಹೆದರಿದ ಜನ ಅದೇ ವರ್ಕ್‌ಷಾಪಿನ ಮುಂದೆ ಸಾಲು ನಿಂತರು. ಕೇಂದ್ರ ಸರ್ಕಾರವು 2022ರಲ್ಲಿ ರಿಪೇರಿಯ ಹಕ್ಕಿಗೆಂದು ಸಮಿತಿ ಮಾಡಿತು, ಜಾಲತಾಣ ತೆರೆಯಿತು. ಜಾಲತಾಣ ಕಾಯಿದೆಯಾದೀತೆ? ಬಂಡವಾಳದ ತವರಾದ ಅಮೆರಿಕವೇ 1975ರಷ್ಟು ಹಿಂದೆ ಕಾಯಿದೆ ಮಾಡಿ, ತನ್ನದೇ ಬಿಡಿಭಾಗ, ತನ್ನದೇ ಸರ್ವೀಸು ಕೊಂಡರೆ ಮಾತ್ರ ವಾರಂಟಿ ಎಂಬ ಗಂಟನ್ನು ಬಿಡಿಸಿತು.

"ಇಂದಿನ ಕಾರಿನಲ್ಲಿ ಕಂಪ್ಯೂಟರಿದೆ, ರಸ್ತೆ ಬದಿಯ ಮೇಸ್ತ್ರಿ ಕೈ ಹಾಕಿದರೆ ಹಾಳಾಗುತ್ತದೆ" ಎಂಬುದು ಕಂಪನಿಗಳ ವಾದ. ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಮೇಸ್ತ್ರಿಗೆ ತಿಳಿಯದಿದ್ದರೆ ಅದಕ್ಕೆ ಕಾರಣ ಯಾರು? ಉಪಕರಣ ಕೊಡದವರು, ಕೈಪಿಡಿ ಮುಚ್ಚಿಟ್ಟವರು, ಅವನಿಗೆ ತಿಳಿಯದೆಂದು ಹಳಿಯುವುದು ಕಣ್ಣು ಕಟ್ಟಿ ಕುರುಡನೆಂದಂತೆ.

ಹಿಂದಿನ ಕಾಲವೇ ಚೆನ್ನಿತ್ತೆಂದು ನಾವು ಹೇಳುತ್ತಿಲ್ಲ. ಅಂಬಾಸಿಡರ್ ಕಾರನ್ನು ಹುಣಿಸೆಮರದ ಕೆಳಗೂ ಬಿಚ್ಚಿ ಜೋಡಿಸಬಹುದಾಗಿತ್ತು, ನಿಜ. ಆದರೆ ಎರಡು ಮೂರು ಕಂಪನಿಗಳು ಮಾಡಿದ್ದೇ ಕಾರು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು, ಬಂದದ್ದನ್ನು ಒಪ್ಪಬೇಕು. ಅಂದು ಸರದಿಯ ದರ್ಬಾರು, ಇಂದು ಷರತ್ತಿನ ದರ್ಬಾರು. ಎರಡರಲ್ಲೂ ಕೊಳ್ಳುವವನು ಕೈಕಟ್ಟಿ ನಿಂತವನೇ.

ನಕ್ಷತ್ರ ಯಾವುದಕ್ಕೆ?

2023ರಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ಬಂದಿದೆ. ಗುದ್ದಿದಾಗ ಕಾರು ಒಳಗಿನವರನ್ನು ಎಷ್ಟು ಕಾಯುತ್ತದೆ ಎಂಬುದಕ್ಕೆ ನಕ್ಷತ್ರ ಕೊಡುತ್ತಾರೆ. ಒಳ್ಳೆಯದೇ. ಗುದ್ದದೆಯೇ ನಡುರಸ್ತೆಯಲ್ಲಿ ನಿಂತುಬಿಡುವ ಕಾರಿಗೆ ನಕ್ಷತ್ರವೆಲ್ಲಿ? ಜರ್ಮನಿಯಲ್ಲಿ ಎ.ಡಿ.ಎ.ಸಿ. ಎಂಬ ವಾಹನ ಸವಾರರ ಸಂಘವು ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳ ಲೆಕ್ಕವನ್ನು ಮಾದರಿವಾರು ಪ್ರತಿ ವರ್ಷ ಪ್ರಕಟಿಸುತ್ತದೆ. ಅಮೆರಿಕದಲ್ಲಿ ಗ್ರಾಹಕರ ಪತ್ರಿಕೆಯೊಂದು ಮಾಲೀಕರನ್ನೇ ಕೇಳಿ ಯಾವ ಗಾಡಿ ಎಷ್ಟು ನಂಬಿಕೆಗೆ ಯೋಗ್ಯವೆಂದು ಅಚ್ಚು ಹಾಕುತ್ತದೆ. ನಮ್ಮಲ್ಲಿ ಬಾಡಿಗೆ, ಸರಕಿನ ಗಾಡಿಗಳೆಲ್ಲ ಸರ್ಕಾರದ ನಿಯಮದಂತೆ ಯೋಗ್ಯತಾ ಪರೀಕ್ಷೆಗೆ ಬರುತ್ತವೆ. ಯಾವ ಮಾದರಿ ಎಷ್ಟು ವರ್ಷಕ್ಕೆ, ಯಾವ ದೋಷದಿಂದ ಸೋತಿತು ಎಂಬುದನ್ನು ಬರೆದಿಟ್ಟು ಪ್ರಕಟಿಸಲು ಸಾರಿಗೆ ಇಲಾಖೆಗೆ ಅಡ್ಡಿಯೇನು?

ಮಾಡಬೇಕಾದುದೇನು?

ಸರ್ಕಾರ ಎಚ್ಚರಾಗುವ ತನಕ ಕೈಕಟ್ಟಿ ಕೂರಬೇಕಿಲ್ಲ. ಗಾಡಿ ಕೊಳ್ಳುವ ಮುನ್ನ ಕಂತಿನ ಒಟ್ಟು ಮೊತ್ತ, ಹತ್ತು ವರ್ಷದ ಎಣ್ಣೆ, ವಿಮೆ, ಎರಡು ಮೂರು ಜೊತೆ ಟೈರು, ಸರ್ವೀಸು ಇಷ್ಟನ್ನೂ ಒಂದು ಹಾಳೆಯಲ್ಲಿ ಕೂಡಿಸಿ, ಕೊನೆಗೆ ಮಾರಿದರೆ ಬರುವ ಹಣವನ್ನು ಕಳೆಯಿರಿ. ಕ್ಲಚ್, ಹೆಡ್‌ಲೈಟು, ಬಂಪರುಗಳ ಬೆಲೆಯನ್ನು ಬರವಣಿಗೆಯಲ್ಲಿ ಕೇಳಿ. ನಿಮ್ಮ ಊರಿನಿಂದ ವರ್ಕ್‌ಷಾಪು ಎಷ್ಟು ದೂರ, ಬಾಡಿಗೆ ಓಟಕ್ಕೆ ವಾರಂಟಿ ಎಷ್ಟು, ಗಾಡಿ ಮಾರಿದರೆ ಅದು ಎರಡನೆಯವನಿಗೆ ಸಲ್ಲುತ್ತದೆಯೇ ಎಂದು ಕೇಳಿ. ವಿಮೆಯನ್ನು ಷೋರೂಮಿನಲ್ಲೇ ಕೊಳ್ಳಬೇಕೆಂಬ ಕಾಯಿದೆ ಇಲ್ಲ. ಪ್ರತಿ ರಿಪೇರಿಯ ರಸೀತಿಯನ್ನು ಜೋಪಾನ ಮಾಡಿ.

ಅನ್ಯಾಯವಾದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ತೆತ್ತ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದೊಳಗಾದರೆ 200 ರೂ. "ನೀನು ವ್ಯಾಪಾರಕ್ಕೆ ಕೊಂಡವನು, ಗ್ರಾಹಕನಲ್ಲ" ಎಂದು ಕಂಪನಿಯ ವಕೀಲರು ಗದರಿಸಿದರೆ ಅಂಜಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಆಟೋ, ಲಾರಿ ಕೊಂಡು ತಾನೇ ಓಡಿಸುವವನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಸ್ಪಷ್ಟಪಡಿಸಿದೆ.

ಕೊನೆಯದಾಗಿ, ಒಬ್ಬೊಬ್ಬನೇ ಹೋದರೆ ಷೋರೂಮಿನಲ್ಲಿ ಕಾಫಿ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಪ್ರತಿ ಗಿರಣಿಯ ಸಂಘದಲ್ಲಿ, ಪ್ರತಿ ವರ್ತಕರ ಸಂಘದಲ್ಲಿ ಒಂದು ಖಾತೆ ಪುಸ್ತಕವಿಡಿ. ಯಾರ ಗಾಡಿ, ಯಾವ ಮಾದರಿ, ಎಷ್ಟು ಕಿ.ಮೀ.ಗೆ ಯಾವ ಭಾಗ ಕೆಟ್ಟಿತು, ಎಷ್ಟು ದಿನ ನಿಂತಿತು, ಎಷ್ಟು ಹಣ ಹೋಯಿತು ಎಂದು ಬರೆಯಿರಿ. ಮುಂದೆ ಕೊಳ್ಳುವವನು ಆ ಪುಸ್ತಕವನ್ನು ನೋಡಿ ಹೋಗಲಿ; ನಾಲ್ಕು ಜನ ಕೂಡಿಯೇ ಹೋಗಲಿ. ಜಾಹೀರಾತಿಗೆ ಕೋಟಿ ಸುರಿಯುವವರು ದುಡಿಯುವವರ ಇಂಥ ನೂರು ಪುಟದ ಲೆಕ್ಕಕ್ಕೆ ಉತ್ತರ ಹೇಳಲೇಬೇಕಾಗುತ್ತದೆ. ಮುಂದಿನ ಸಭೆಯಲ್ಲೇ ಆ ಪುಸ್ತಕದ ಮೊದಲ ಪುಟ ಬರೆಯಿರಿ.