ಹೊಗೆ ವಾಸನೆಯ ರುಚಿ

ಮೊನ್ನೆ ಬೆಂಗಳೂರಿನ ಅಂಗಡಿಯೊಂದರಿಂದ ಸ್ಮೋಕ್ಡ್ ಚೀಸ್ ತಂದೆ. ಬಾಯಿಗಿಟ್ಟ ಕೂಡಲೇ ನೆನಪಾಗಿದ್ದು ಸಿಂದಗಿ ಕಡೆಯ ನಮ್ಮೂರಿನ ಹಾಲು! ಕುಳ್ಳಿನ ಬೆಂಕಿಯಲ್ಲಿ ಗಂಟೆಗಟ್ಟಲೆ ಕಾದು ಕೆನೆ ಕೆಂಪಾದ ಹಾಲಿಗೂ ಇದೇ ಹೊಗೆ ವಾಸನೆ.

ಉಪ್ಪು ಹಿಡಿಸಿ ಒಣಗಿಸಿದ ಚೀಸನ್ನು ಹೊಗೆಕೋಣೆಯಲ್ಲಿಟ್ಟು, ಅದು ಕರಗದಂತೆ ಸುಮಾರು 30 ಡಿಗ್ರಿಯೊಳಗಿನ ಕಟ್ಟಿಗೆ ಹೊಗೆ ಹಾಯಿಸುತ್ತಾರೆ. ಪೋಲೆಂಡಿನ ಕುರಿಹಾಲಿನ ಒಸ್ಸಿಪೆಕ್, ಇಟಲಿಯ ಸ್ಕಾಮೋರ್ಜಾ, ನಮ್ಮದೇ ಬಂಗಾಳದ ಬ್ಯಾಂಡೆಲ್‌ಗಳ ಹೊಗೆ ಹಾಯಿಸಿದ ಬಗೆಗಳು, ಎಲ್ಲಕ್ಕೂ ಹೊಗೆಯದೇ ರುಚಿ. ಅಗ್ಗದ ಚೀಸ್‌ಗಳಿಗೆ ಎಷ್ಟೋ ಸಲ ಹೊಗೆಯನ್ನು ನೀರಿನಲ್ಲಿ ಹಿಡಿದಿಟ್ಟ 'ದ್ರವ ಹೊಗೆ' ಬೆರೆಸುತ್ತಾರೆ. ಪೊಟ್ಟಣದ ಹಿಂದೆ ಓದಿ ನೋಡಿ.

ಊರಿಗೆ ಫೋನ್ ಮಾಡಿ, "ಅವ್ವಾ, ಗ್ಯಾಸ್ ಬಂದ ಮ್ಯಾಲ ಹಾಲಿನ ರುಚಿನೇ ಹೋತು ನೋಡು" ಅಂದೆ.

"ರುಚಿ ನೀವು ಉಂಡ್ರಿ, ಹೊಗಿ ನಾ ಉಂಡೆ" ಅಂದಳು.

ನನಗೆ ಮಾತೇ ಹೊರಡಲಿಲ್ಲ. ಹೊಗೆಕೋಣೆಯಲ್ಲಿ ಚೀಸ್ ಮಾತ್ರ ಇರುತ್ತೆ. ನಮ್ಮ ಅಡುಗೆಮನೆಯಲ್ಲಿ ಹಾಲಿನ ಜೊತೆ ಅವ್ವನೂ ಇದ್ದಳು, ಕಣ್ಣೊರೆಸಿಕೊಳ್ಳುತ್ತಾ, ಕೆಮ್ಮುತ್ತಾ. ಒಲೆ ಅಡುಗೆಯ ರುಚಿ ಹೋಯ್ತು ಅಂತ ಬ್ಲಾಗಿನಲ್ಲಿ ಹಲುಬುವ ನಾವು (ನಾನೂ ಹಲುಬಿದ್ದೇನೆ) ಊದುಗೊಳವೆ ಹಿಡಿದವರನ್ನು ಮರೆಯುತ್ತೇವೆ. ಆ ರುಚಿ ಬೇಕೇ ಬೇಕು ಅನ್ನುವವರು ಅಂಗಳದಲ್ಲಿ ಒಲೆ ಹೂಡಿ ತಾವೇ ಊದಲಿ.

ನೀವೇನಂತೀರಿ?