ಕಲಿತವಳು ಉಳಿಯುವುದಿಲ್ಲ, ಉಳಿದವಳಿಗೆ ಕಲಿಸುವುದಿಲ್ಲ

ಬ್ಯಾಳಿ ಮಿಲ್ಲಿಗೆ ದುಡಿಯಲು ಹೋಗುವ ಹೆಣ್ಣಾಳು ತನ್ನ ಮೂರು ವರುಷದ ಕೂಸನ್ನು ಯಾರ ಕೈಗೊಪ್ಪಿಸಿ ಹೋಗುತ್ತಾಳೆ? ಗಂಜಿನಲ್ಲಿ ಚೀಲ ಹೊರುವ ಹಮಾಲನ ಮಗು ಹಗಲೆಲ್ಲ ಯಾರ ಕಣ್ಣಳತೆಯಲ್ಲಿ ಇರುತ್ತದೆ? ಓಣಿಯ ಅಂಗನವಾಡಿ ಟೀಚರ ಕಣ್ಣಳತೆಯಲ್ಲಿ. ಈ ಹೆಣ್ಣುಮಗಳ ವಿಷಯದಲ್ಲಿ ದಿಲ್ಲಿಯ ಸರಕಾರವೂ ಬೆಂಗಳೂರಿನ ಸರಕಾರವೂ ಕೂಡಿ ಆಡುತ್ತಿರುವ ಎರಡು ನಾಲಿಗೆಯ ಆಟವನ್ನು ಈ ವಾರ ನಾವು ಓದುಗರ ಮುಂದೆ ಬಿಚ್ಚಿಡುತ್ತೇವೆ.

ಕೆಲಸ ಹೇಳುವಾಗ ಆಕೆ ಶಿಕ್ಷಕಿ. ಕೂಸುಗಳಿಗೆ ಉಣಿಸಬೇಕು, ತೂಕ ಹಾಕಬೇಕು, ಲಸಿಕೆಗೆ ಕರೆತರಬೇಕು, ಬಸುರಿ ಬಾಣಂತಿಯರ ಲೆಕ್ಕವಿಡಬೇಕು, ಅಷ್ಟನ್ನೂ ಮೊಬೈಲಿನ ಪೋಷಣ್ ಟ್ರ್ಯಾಕರಿಗೆ ತುಂಬಬೇಕು. ಮತದಾರರ ಪಟ್ಟಿಯ ಕೆಲಸ ಬಂದರೆ ಮನೆಮನೆ ತಿರುಗಬೇಕು. ಇದೆಲ್ಲ ಆದ ಮೇಲೆ ದಿನಕ್ಕೆ ಎರಡು ತಾಸಾದರೂ ಪಾಠ ಹೇಳಬೇಕೆಂದು 2023ರಲ್ಲಿ ಶುರುವಾದ ‘ಪೋಷಣ್ ಭೀ ಪಢಾಯಿ ಭೀ’ ಯೋಜನೆಯ ಅಪ್ಪಣೆ. ಒಳ್ಳೆಯದೇ. ಆದರೆ ಸಂಬಳದ ಮಾತು ಬಂದ ಕೂಡಲೇ ಸರಕಾರ ಬೇರೆ ನಾಲಿಗೆ ಹೊರಳಿಸುತ್ತದೆ: ತಾಯಿ, ನೀನು ನೌಕರಳಲ್ಲ, ಸ್ವಯಂಸೇವಕಿ, ನಿನಗೆ ಸಲ್ಲುವುದು ಸಂಬಳವಲ್ಲ, ಗೌರವಧನ! ಕರ್ನಾಟಕ ಸರಕಾರವೇ ಹೂಡಿದ್ದ ಮೇಲ್ಮನವಿಯಲ್ಲಿ 2006ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇವರದು ಸರಕಾರಿ ಹುದ್ದೆಯಲ್ಲವೆಂದು ಹೇಳಿತು. ಗುಜರಾತಿನ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ 2022ರ ಏಪ್ರಿಲ್ 25ರಂದು, 1972ರ ಗ್ರಾಚ್ಯುಯಿಟಿ ಕಾಯ್ದೆ ಇವರಿಗೂ ಅನ್ವಯಿಸುತ್ತದೆಂದು ತೀರ್ಪಿತ್ತಿತು. ತೀರ್ಪು ಕೈಯಲ್ಲಿದ್ದರೂ ನಮ್ಮ ಹೆಣ್ಣುಮಕ್ಕಳು 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂಡಬೇಕಾಯಿತು.

ಗೌರವಧನದ ಲೆಕ್ಕವನ್ನೂ ನೋಡೋಣ. ಲೆಕ್ಕ ನಮ್ಮ ವ್ಯಾಪಾರಿ ಬಂಧುಗಳಿಗೆ ಚೆನ್ನಾಗಿ ತಿಳಿಯುತ್ತದೆ. ಕೇಂದ್ರ ಸರಕಾರ 2018ರ ಅಕ್ಟೋಬರಿನಿಂದ ಕಾರ್ಯಕರ್ತೆಗೆ 4,500 ರೂಪಾಯಿಯ ದರ ಗೊತ್ತುಮಾಡಿತು. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮಾತ್ರ ದಿಲ್ಲಿಯದು, ಅಂದರೆ 2,700 ರೂಪಾಯಿ, ದಿನಕ್ಕೆ 90. ಏಳು ವರುಷ ಕಳೆದರೂ ಈ ದರ ಕದಲಲಿಲ್ಲ. ಈ ಏಳು ವರುಷದಲ್ಲಿ ಎಣ್ಣೆಯ ಡಬ್ಬಿಯ ದರ ಎಷ್ಟು ಸಲ ಕದಲಿತು ಎಂಬುದನ್ನು ಕಿರಾಣಿ ಅಂಗಡಿಯವರೇ ಹೇಳಲಿ. ಮಿಕ್ಕದ್ದನ್ನು ರಾಜ್ಯ ಸರಕಾರ ಸೇರಿಸುತ್ತದೆ, ನಿಜ. ಆದರೆ 2023ರ ಚುನಾವಣೆಯಲ್ಲಿ 15 ಸಾವಿರದ ಮಾತು ಕೊಟ್ಟು ಓಟು ಪಡೆದವರು 2025ರ ಮುಂಗಡಪತ್ರದಲ್ಲಿ ಹೆಚ್ಚಿಸಿದ್ದು ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ. ಅದಾದರೂ ಹೊತ್ತಿಗೆ ಸರಿಯಾಗಿ ಬರದಿದ್ದಾಗ ಟೀಚರ ಮನೆಯ ಅಕ್ಕಿ ಜೋಳ ಉದ್ರಿ ಪುಸ್ತಕದಲ್ಲಿ ಏರುತ್ತದೆ. ಸರಕಾರದ ಸಾಲವನ್ನು ಓಣಿಯ ಅಂಗಡಿಕಾರ ಹೊರುವುದು ಯಾವ ನ್ಯಾಯ?

ಇನ್ನು ತರಬೇತಿನ ಮಾತು. ಎಳೆಯ ಮಕ್ಕಳಿಗೆ ಕಲಿಸುವುದು ಯಾರು ಬೇಕಾದರೂ ಮಾಡುವ ಕೆಲಸವೆಂದು ತಿಳಿದವರು ತಾರಾಬಾಯಿ ಮೋಡಕರ ಹೆಸರು ಕೇಳಿಲ್ಲ. ಬಾಲವಾಡಿಗೆ ಬರಲಾರದ ಬಡ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದವರು ಅವರು. ಠಾಣಾ ಸೀಮೆಯ ಬೋರ್ಡಿಯಲ್ಲಿ 1945ರ ಸುಮಾರಿಗೆ ಆರಂಭವಾದ ಆ ಪ್ರಯೋಗದಿಂದಲೇ ಅಂಗನವಾಡಿ ಎಂಬ ಮಾತು ಬಂತು. ಕೆಲಸ ಕಲಿತ ಹೆಣ್ಣುಮಕ್ಕಳಿಲ್ಲದೆ ಇದು ನಡೆಯದೆಂದು ಅವರು ಬಲ್ಲರು. ಅಷ್ಟೇಕೆ, 1948ರ ಕಾರ್ಖಾನೆ ಕಾಯ್ದೆ ಕೂಡ ಗಿರಣಿಯ ಶಿಶುಗೃಹವನ್ನು ಮಕ್ಕಳ ಪಾಲನೆಯಲ್ಲಿ ತರಬೇತಾದ ಹೆಂಗಸಿನ ವಶಕ್ಕೇ ಕೊಡಬೇಕೆಂದು ವಿಧಿಸಿತ್ತು. (ನಮ್ಮ ಎಂ.ಎಸ್.ಕೆ. ಮಿಲ್ಲಿನ ಭೋಂಗಾ ನಿಂತು ದಶಕಗಳಾದವು. ಇಂದಿನ ಸಣ್ಣ ಬ್ಯಾಳಿ ಮಿಲ್ಲುಗಳಲ್ಲಿ ಕಾಯ್ದೆ ಹೇಳುವಷ್ಟು ಹೆಣ್ಣಾಳುಗಳೂ ಇರುವುದಿಲ್ಲ. ಆದುದರಿಂದಲೇ ನಮಗೆ ಅಂಗನವಾಡಿಯೇ ಗತಿ.)

1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲ ಪಾಲು ತಿ. ನರಸೀಪುರದ್ದು. ಮುಂದೆ ಬಹುಕಾಲ ಕಾರ್ಯಕರ್ತೆಗೆ 26 ದಿನದ ಕೆಲಸದ ತರಬೇತು ಇತ್ತು. ಆರು ಬಗೆಯ ಸೇವೆಗೆ 26 ದಿನ! ಅದೇ ಕಡಿಮೆಯೆಂದು ನಾವು ಗೊಣಗುತ್ತಿದ್ದೆವು. ಈಗ ಹೊಸ ಪಾಠಕ್ರಮ ಕಲಿಸಲು ಮೂರು ದಿನದ ಶಿಬಿರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಓದಿದವರಿಗೆ ಆರು ತಿಂಗಳ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರುಷದ ತರಬೇತು ಹೇಳುತ್ತದೆ. ಆದರೆ ಅದು ಟೀವಿ ಮತ್ತು ಮೊಬೈಲಿನಲ್ಲಿ, ತಿಂಗಳಿಗೊಮ್ಮೆ ಮುಖಾಮುಖಿ ತರಗತಿ. ಅಡುಗೆಯ ಒಲೆಗೂ ತೂಕದ ತಕ್ಕಡಿಗೂ ನಡುವೆ ನಿಂತು ಆಕೆ ಮೊಬೈಲಿನಲ್ಲಿ ಪಾಠ ಕೇಳಬೇಕು. ಕೇಳಿ ಮುಗಿಸಿದರೆ ಆಕೆಗೆ ಬರುವುದೇನು? ಹೊಸ ಹುದ್ದೆಯೋ, ಹೊಸ ವೇತನ ಶ್ರೇಣಿಯೋ? ಅದೇ ಗೌರವಧನ, ಮೇಲೊಂದು ಕಾಗದ.

ಅಂಗನವಾಡಿಯವರು ಕೆಲಸ ಬಿಟ್ಟು ಹೋಗುವುದಿಲ್ಲವಲ್ಲ, ಇಪ್ಪತ್ತು ಮೂವತ್ತು ವರುಷ ಇರುತ್ತಾರಲ್ಲ, ಅಸಮಾಧಾನವಿದ್ದರೆ ಇರುತ್ತಿದ್ದರೇ ಎಂದು ಅಧಿಕಾರಿಗಳು ಕೇಳುತ್ತಾರೆ. ಈ ಪ್ರಶ್ನೆಯಲ್ಲೇ ಅವರ ಮನಸ್ಸು ತಿಳಿಯುತ್ತದೆ. ಅವರಲ್ಲಿ ವಿಧವೆಯರು ಎಷ್ಟು ಮಂದಿ, ಗಂಡ ಬಿಟ್ಟವರು ಎಷ್ಟು ಮಂದಿ, ಊರು ಬಿಟ್ಟು ಹೋಗಲಾರದ ಸೊಸೆಯಂದಿರು ಎಷ್ಟು ಮಂದಿ ಎಂದು ಓಣಿಯವರನ್ನು ಕೇಳಿ ನೋಡಲಿ. ಬೇರೆ ಬಾಗಿಲಿಲ್ಲದವಳು ಉಳಿದರೆ ಅದು ತೃಪ್ತಿಯಲ್ಲ, ಸೆರೆ. ಆಕೆ ಎಲ್ಲಿಗೂ ಹೋಗಲಾರಳೆಂಬ ಧೈರ್ಯವೇ ಸರಕಾರದ ಬಂಡವಾಳ. ಆದರೂ ಆಕೆ ಮಕ್ಕಳ ಮೇಲೆ ಇಟ್ಟ ಮಮತೆಯನ್ನು ನಾವು ಕಂಡಿದ್ದೇವೆ; ಆ ಮಮತೆಯನ್ನು ಬಿಟ್ಟಿಯಾಗಿ ಹಿಂಡುವುದನ್ನೇ ಖಂಡಿಸುತ್ತೇವೆ.

ಇನ್ನೊಂದು ಕಡೆ ನೋಡಿ. 2024ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ನಮ್ಮ ಭಾಗದ 1,008 ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟರು. ಕಲಿಸಲು ಯಾರು? ಅತಿಥಿ ಶಿಕ್ಷಕಿಯರು! ಅತಿಥಿಯೆಂದರೆ ಬಂದು ಹೋಗುವವಳೆಂದೇ ಅರ್ಥ. ವರುಷ ಮುಗಿದರೆ ನಾಳೆಯ ಭರವಸೆಯಿಲ್ಲದವಳು ಬೇರೆ ಕೆಲಸ ಸಿಕ್ಕಿದೊಡನೆ ಹೋಗುತ್ತಾಳೆ. ಹೋದದ್ದು ಅವಳ ತಪ್ಪಲ್ಲ. ಓಣಿಯ ಕಾನ್ವೆಂಟುಗಳ ಕಥೆಯೂ ಇದೇ. ಫೀಜು ಕಟ್ಟುವ ತಂದೆಗೆ ಗೊತ್ತು, ಪ್ರತಿ ಬೇಸಗೆಗೆ ಹೊಸ ಟೀಚರು. ನಾಲ್ಕು ವರುಷದ ಮಗು ಒಬ್ಬಳ ಹೆಸರು ನಾಲಿಗೆಗೆ ಬರುವಷ್ಟರಲ್ಲಿ ಅವಳನ್ನು ಕಳೆದುಕೊಳ್ಳುತ್ತದೆ. ಅತ್ತ ಅಂಗನವಾಡಿಯ ಮಕ್ಕಳು ಪಕ್ಕದ ಶಾಲೆಗೆ ಹೋದರೆ ಹಳೆಯ ಟೀಚರ ಕೇಂದ್ರ ಬರಿದಾಗುತ್ತದೆ. ಕಾರ್ಯಕರ್ತೆಯರು ಬೀದಿಗಿಳಿದ ಮೇಲೆ, ಅದೇ ವರುಷದ ಜುಲೈಯಲ್ಲಿ, ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರಕಾರಿ ಮಾಂಟೆಸರಿ’ ಎಂಬ ಬೋರ್ಡು ಬಂತು. ಬೋರ್ಡು ಬರೆಸುವುದು ಸುಲಭ.

‘ಅಂಗನವಾಡಿಯಲ್ಲಿ ಉಪ್ಪಿಟ್ಟು ಕೊಡುತ್ತಾರೆ, ಅಕ್ಷರ ಎಲ್ಲಿ ಕಲಿಸುತ್ತಾರೆ’ ಎಂದು ನಮ್ಮ ವ್ಯಾಪಾರಿ ಮಿತ್ರರೇ ಆಡುವುದುಂಟು. ಈ ದೂರಿನಲ್ಲಿ ಹುರುಳಿದೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಮೂರು ದಿನ ಕಲಿಸಿ, ಮೂವತ್ತು ದಾಖಲೆ ಬರೆಸಿ, ಪಾಠವೆಲ್ಲಿ ಎಂದು ಆಕೆಯನ್ನೇ ಕೇಳುವುದು ಯಾವ ನ್ಯಾಯ? 2025ರ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ ಶೇಕಡ 91.12 ಪಡೆದು ಮೊದಲಾದಾಗ ಕಲಬುರಗಿ ಶೇಕಡ 42.43ಕ್ಕೆ ಕಡೆಯಲ್ಲಿ ನಿಂತಿತು. ಮಂತ್ರಿ ಮಹಾಶಯರು ಹೈಸ್ಕೂಲಿನ ಮಾಸ್ತರರ ಮೇಲೆ ಹರಿಹಾಯ್ದರು. ಎಲ್ಲ ತಪ್ಪೂ ಮೂರು ವರುಷದ ವಯಸ್ಸಿನಲ್ಲೇ ಆಯಿತೆಂದು ನಾವು ಹೇಳುವುದಿಲ್ಲ. ಆದರೆ ಕಮಲಾಪುರದ ರೈತ ಕೆಂಬಾಳೆಯ ಸಸಿಗೆ ನೀರು ಬಿಡದೆ, ಗೊನೆ ಬರಲಿಲ್ಲವೆಂದು ಗಿಡವನ್ನು ಬಯ್ಯುವುದಿಲ್ಲ.

ದುಡ್ಡಿಲ್ಲವೆಂಬ ಮಾತು ಇನ್ನು ನಡೆಯದು. 2025ರ ಆಗಸ್ಟಿನಲ್ಲಿ ಗುಜರಾತ್ ಹೈಕೋರ್ಟು ಕಾರ್ಯಕರ್ತೆಗೆ ತಿಂಗಳಿಗೆ 24,800, ಸಹಾಯಕಿಗೆ 20,300 ರೂಪಾಯಿ ಕನಿಷ್ಠವೆಂದು ನಿಗದಿ ಮಾಡಿತು. ನಾವು ಕೇಳುವುದೂ ಹೊಸ ಕಟ್ಟಡವಲ್ಲ, ಹೊಸ ಬೋರ್ಡಲ್ಲ. ಇರುವ ಟೀಚರನ್ನೇ ಸಂಬಳ ಸಹಿತ ಆರು ತಿಂಗಳು ತರಬೇತಿಗೆ ಕಳಿಸಿ, ಆ ಅವಧಿಗೆ ಬದಲಿ ಆಳು ಕೊಡಿ. ತೇರ್ಗಡೆಯಾದವಳನ್ನು ಶಿಕ್ಷಕಿಯ ಶ್ರೇಣಿಗೆ ಸೇರಿಸಿ. ಎಲ್‌ಕೆಜಿಯನ್ನು ಅವಳ ಕೈಗೇ ಕೊಡಿ. ಮತಪಟ್ಟಿಯ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ.

ಮುಂದಿನ ಸಲ ಅಂಗನವಾಡಿಯವರು ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಕುಳಿತಾಗ ಅವರನ್ನಷ್ಟೇ ಬಿಸಿಲಿಗೆ ಬಿಡುವುದು ನಮಗೆ ತಕ್ಕುದಲ್ಲ. ಮಿಲ್ಲಿನವರು ಪಾಳಿ ಮುಗಿಸಿ ಅಲ್ಲಿಗೆ ಬರಲಿ, ಮಕ್ಕಳನ್ನೂ ಕರೆತರಲಿ. ಕಿರಾಣಿ ಅಂಗಡಿಯ ಬಂಧುಗಳು ಟೀಚರ ಹೆಸರಿನ ಉದ್ರಿ ಪುಸ್ತಕ ಹಿಡಿದು ಬಂದು ಸಾಹೇಬರ ಮೇಜಿನ ಮೇಲಿಡಲಿ.